ಶುಕ್ರವಾರದ ಪೊಟ್ಟಣ

ಮಂಗಳವಾರದ ನಡಿಗೆ ಗುಂಪಿನಲ್ಲಿ ಕ್ಲೆಮ್ ಒಬ್ಬನನ್ನು ಬಿಟ್ಟರೆ ನನಗೆ ಯಾರನ್ನು ಕಂಡರೂ ಆಗುವುದಿಲ್ಲ. ಹಾಗಿದ್ದೂ ಎಂಟು ವರ್ಷದಿಂದ ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ. ನಿವೃತ್ತನಾದ ಮೇಲೆ ಮನುಷ್ಯನಿಗೆ ಹೇಸಿಕೊಳ್ಳುವುದಕ್ಕಾದರೂ ನಾಲ್ಕು ಜನ ಬೇಕಲ್ಲ.

ಬೆಳಿಗ್ಗೆ ಏಳಕ್ಕೆ ಪೋರ್ಟ್ ಕಾರ್ಲಿಯ ಜೆಟ್ಟಿಯ ಹತ್ತಿರ ಇಪ್ಪತ್ತೆರಡು ಜನ ಸೇರುತ್ತೇವೆ. ಹೀದರ್ ಪೀಪಿ ಊದುತ್ತಾಳೆ. ಮೂವತ್ತು ವರ್ಷ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು. ಶಾಲೆ ಬಿಟ್ಟಳು, ಪೀಪಿ ಬಿಡಲಿಲ್ಲ. ಬ್ಯಾಂಕ್ ಮ್ಯಾನೇಜರಾಗಿದ್ದ ಗ್ರೇಮ್ ಎರಡು ಕೈಗೂ ಒಂದೊಂದು ಕೋಲು ಹಿಡಿದು, ಸೊಂಟಕ್ಕೆ ನೀರಿನ ಬಾಟಲಿಗಳನ್ನು ಸಿಕ್ಕಿಸಿಕೊಂಡು ಎವರೆಸ್ಟ್ ಹತ್ತುವವನಂತೆ ಬಂದು ನಿಲ್ಲುತ್ತಾನೆ. ನಾವು ಹತ್ತುವುದು ಏನನ್ನು? ಸಮುದ್ರದ ಬದಿಯ ಸಪಾಟು ದಾರಿ, ಹೋಗುತ್ತ ಮೂರು ಕಿಲೋಮೀಟರು, ಬರುತ್ತ ಮೂರು. ದಾರಿಯುದ್ದಕ್ಕೂ ಮಂಡಿಯ ಮಾತು. ಯಾರ ಮಂಡಿ ಬದಲಾಯಿತು, ಯಾರದು ಬದಲಾಗಬೇಕು, ಯಾವ ಡಾಕ್ಟರ ಕೈ ಒಳ್ಳೆಯದು. ಮಂಡಿ ಮುಗಿದರೆ ಕ್ಯಾರವಾನು, ಕ್ಯಾರವಾನು ಮುಗಿದರೆ ಹಡಗಿನ ಪ್ರವಾಸ, ಆ ಹಡಗಿನಲ್ಲಿ ದಿನಕ್ಕೆ ಎಷ್ಟು ಸಲ ತಿನ್ನಲು ಕೊಡುತ್ತಾರೆ ಎಂಬ ಲೆಕ್ಕ. ಕೇಳಿ ಕೇಳಿ ನನಗೆ ಓಕರಿಕೆ ಬರುತ್ತದೆ. ವಾಪಸು ಬಂದ ಮೇಲೆ ಎಲ್ಲರೂ ತಮಗೆ ತಾವೇ ಚಪ್ಪಾಳೆ ಬೇರೆ ತಟ್ಟಿಕೊಳ್ಳುತ್ತಾರೆ.

ಫೆಬ್ರವರಿಯಲ್ಲಿ ದಡದ ಮೇಲೆ ಮೊಣಕಾಲೆತ್ತರ ಕಡಲಪಾಚಿ ಬಂದು ಬೀಳುತ್ತದೆ. ನಲವತ್ತು ಡಿಗ್ರಿ ಬಿಸಿಲಿಗೆ ಅದು ಕೊಳೆಯುವ ಜಾಗ ಬಂತೆಂದರೆ ಇಪ್ಪತ್ತೊಂದು ಜನರೂ ಟೋಪಿಯನ್ನೋ ಕರವಸ್ತ್ರವನ್ನೋ ಮೂಗಿಗೆ ಒತ್ತಿಕೊಂಡು ಓಡುತ್ತಾರೆ. ಈ ಸಲವೂ ನಾನೊಬ್ಬ ಎದೆಯುಬ್ಬಿಸಿಕೊಂಡು ನಿಧಾನವಾಗಿ ನಡೆದೆ.

"ನಿಂಗೇನೂ ಅನ್ಸಲ್ವೇನೋ ವರ್ನ್?" ಕ್ಲೆಮ್ ಕರವಸ್ತ್ರದ ಒಳಗಿನಿಂದಲೇ ಕೇಳಿದ.

"ಕುರಿ ಶೆಡ್ಡಲ್ಲಿ ಮೂವತ್ತು ವರ್ಷ ಬದ್ಕಿದೋನಿಗೆ ಇದ್ಯಾವ ಲೆಕ್ಕ ಮಾರಾಯ. ಇವ್ರೆಲ್ಲಾ ಬೆಣ್ಣೆಮುದ್ದೆಗಳು."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಮೂಗು ಒತ್ತಿಕೊಂಡು ಮುಂದೆ ಓಡಿದ.

ಕ್ಲೆಮ್‌ಗೆ ಎಪ್ಪತ್ತೆಂಟು, ನನಗಿಂತ ಆರು ವರ್ಷ ದೊಡ್ಡವನು. ಕುರಿಗಳ ಉಣ್ಣೆ ಕತ್ತರಿಸುವ ತಂಡದಲ್ಲಿದ್ದವನು ಅವನು. ಆ ತಂಡಕ್ಕೆ ಅಡುಗೆ ಮಾಡುತ್ತಿದ್ದವನು ನಾನು. ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತ ದಿನಕ್ಕೆ ಐದು ಹೊತ್ತು ಇಪ್ಪತ್ತು ಗಂಡಸರ ಹೊಟ್ಟೆ ತುಂಬಿಸುವುದೆಂದರೆ ಹುಡುಗಾಟವಲ್ಲ. ಮಾಂಸ ಸ್ವಲ್ಪ ಗಟ್ಟಿಯಾದರೆ ಕೆಲಸ ನಿಲ್ಲಿಸಿ ಕೂರುವ ಜನ ಅವರು. ನನ್ನ ಒಲೆಯ ಮುಂದೆ ಒಬ್ಬನೂ ಒಂದು ದಿನವೂ ಹಾಗೆ ಕೂತವನಲ್ಲ.

ಅದಕ್ಕೇ ಏಪ್ರಿಲ್ ಶಿಬಿರ ನನಗೆ ಮುಖ್ಯ. ಪ್ರತಿವರ್ಷ ನಡಿಗೆಯವರೆಲ್ಲ ಉತ್ತರದ ಬೆಟ್ಟಗಳಿಗೆ ಐದು ದಿನ ಹೋಗುತ್ತೇವೆ. ಉಳಿಯುವುದು ಹಳೆಯ ಕುರಿ ಶೆಡ್ಡಿನ ಬಿಡಾರದಲ್ಲಿ, ಅಡುಗೆ ಸೌದೆ ಒಲೆಯ ಮೇಲೆ. ಮಾರ್ಚಿನ ಮೊದಲ ಮಂಗಳವಾರ ಹೀದರ್ ಊರ ಸಭಾಂಗಣದ ಗೋಡೆಗೆ ಒಂದು ಹಾಳೆ ಅಂಟಿಸುತ್ತಾಳೆ. ಗಾಡಿ ಓಡಿಸುವವರು ಯಾರು, ಔಷಧದ ಪೆಟ್ಟಿಗೆ ಯಾರ ಹತ್ತಿರ, ಅಡುಗೆ ಯಾರದು ಎಂದೆಲ್ಲ. ಎಂಟು ವರ್ಷವೂ ಅಡುಗೆಯ ಮುಂದೆ ಇದ್ದದ್ದು ನನ್ನ ಹೆಸರು. ವರ್ಷದ ಉಳಿದ ಮುನ್ನೂರ ಅರವತ್ತು ದಿನ ನಾನು ಕಸದ ಡಬ್ಬಿ ಬೀದಿಗಿಡುವ ಒಬ್ಬ ಮುದುಕ. ಆ ಐದು ದಿನ ಮಾತ್ರ ನಾನು ನಾನಾಗಿರುತ್ತೇನೆ. ಇದನ್ನು ನನ್ನ ಹೆಂಡತಿ ಲೋರ್ನಾಗೂ ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಅವಳಿಗೆ ಅದು ಗೊತ್ತು.

ಈ ವರ್ಷ ಹಾಳೆ ಅಂಟಿಸುವ ಮೊದಲೇ, ಫೆಬ್ರವರಿಯಲ್ಲೇ ಗ್ರೇಮ್ ತಕರಾರು ತೆಗೆದ.

"ಯಾಕೆ ಒಬ್ರಿಗೇ ಅಷ್ಟು ಕಷ್ಟ ಕೊಡ್ಬೇಕು ಅಂತ," ಎಂದ, ಮುಖವನ್ನು ಜೇನಿನಲ್ಲಿ ಅದ್ದಿದವನಂತೆ ಮಾಡಿಕೊಂಡು. "ಈಗ ರೆಡಿ ಊಟದ ಡಬ್ಬಿ ಸಿಗುತ್ತೆ. ತಗೊಂಡ್ಹೋದ್ರಾಯ್ತು. ವರ್ನ್ ಕೂಡ ನಮ್ ಜೊತೆ ಬೆಟ್ಟ ಹತ್ತಬಹುದು."

"ನಂಗೆ ಕಷ್ಟ ಅಂತ ನಿಂಗ್ಯಾರಯ್ಯ ಹೇಳಿದ್ದು?" ಎಂದೆ.

ಯಾರಾದರೂ ನನ್ನ ಪರ ಮಾತಾಡುತ್ತಾರೆಂದು ಕಾದೆ. ಎಲ್ಲರೂ ತಮ್ಮ ತಮ್ಮ ಶೂಗಳನ್ನು ನೋಡುತ್ತಿದ್ದರು. ಹೀದರ್ ಪೀಪಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು, "ಮುಂದಿನ್ ಮಂಗಳವಾರ ಊಟದ ಹೊತ್ತಿಗೆ ಮಾತಾಡೋಣ ಬಿಡ್ರಪ್ಪ," ಎಂದಳು. ಕ್ಲೆಮ್ ಒಬ್ಬ, "ನಂಗೆ ವರ್ನ್ ಅಡುಗೇನೇ ಸಾಕು," ಎಂದ.

ಎಂಟು ವರ್ಷ ತಟ್ಟೆ ನೆಕ್ಕಿದವರು! ಮನೆಗೆ ಬಂದು ಲೋರ್ನಾ ಮುಂದೆ ಉಗಿದೆ. ಅವಳು ಬೆಳಗಿನ ಹಾಲಿನ ಡಬ್ಬ ಮೂಸುತ್ತಿದ್ದವಳು, "ಹೋಗ್ಲಿ ಬಿಡು ವರ್ನ್, ಒಂದ್ ವರ್ಷ ಅವರ ಡಬ್ಬೀನೇ ತಿಂದು ಸಾಯ್ಲಿ," ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಮುಂದಿನ ಮಂಗಳವಾರ ನಡಿಗೆಯಾದ ಮೇಲೆ ಸಭಾಂಗಣದಲ್ಲಿ ಎಲ್ಲರೂ ಒಂದೊಂದು ತಿಂಡಿ ಮಾಡಿ ತರುವ ಊಟ. ಅಲ್ಲಿ ನನ್ನ ಸೀಗಡಿ ಸೂಪು ಇಟ್ಟು ಈ ಜನರ ಬಾಯಿ ಮುಚ್ಚಿಸುತ್ತೇನೆಂದು ತೀರ್ಮಾನ ಮಾಡಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಎರಡು ವರ್ಷದಿಂದ ಅಡುಗೆಯಲ್ಲಿ ನನಗೂ ಮೊದಲಿನ ಸುಖವಿರಲಿಲ್ಲ. ಅದಕ್ಕೆ ಕಾರಣ ಈಗಿನ ಸಾಮಾನು ಎಂದೇ ತಿಳಿದಿದ್ದೆ. ಈಗಿನ ಈರುಳ್ಳಿಗೆ ಘಾಟಿಲ್ಲ, ಬೆಣ್ಣೆಗೆ ಘಮವಿಲ್ಲ, ಹಂದಿಮಾಂಸ ಹುರಿದರೆ ಮರದ ಹೊಟ್ಟು ಹುರಿದ ಹಾಗೆ. ಸೂಪರ್‌ಮಾರ್ಕೆಟ್ಟಿನವರು ಎಲ್ಲವನ್ನೂ ತೊಳೆದು ತೊಳೆದು ಜೀವ ತೆಗೆದಿಟ್ಟಿರುತ್ತಾರೆ. ನನ್ನ ಮಗಳು ಟ್ರೂಡಿ ಅಡಿಲೇಡಿನಿಂದ ಬಂದಾಗಲೆಲ್ಲ ಅವಳ ಮುಂದೆ ಇದನ್ನು ಹೇಳುತ್ತಿದ್ದೆ. ಅವಳು ತಟ್ಟೆಯಲ್ಲಿದ್ದುದನ್ನು ಫೋರ್ಕಿನಿಂದ ಆ ಕಡೆ ಈ ಕಡೆ ತಳ್ಳುತ್ತ, "ಹೌದಪ್ಪಾ, ಕಾಲ ಕೆಟ್ಟೋಯ್ತು," ಎನ್ನುತ್ತಿದ್ದಳು.

ಆ ಭಾನುವಾರವೂ ಟ್ರೂಡಿ ಇಬ್ಬರು ಮಕ್ಕಳೊಂದಿಗೆ ಬಂದಿದ್ದಳು. ಬೀಚಿನಲ್ಲಿ ಕೊಡೆ ನೆಟ್ಟು ಮೂರು ಕಿಲೋ ಬೇಯಿಸಿದ ಸೀಗಡಿಯನ್ನು ಕೈಯಲ್ಲೇ ಸುಲಿದು ತಿಂದೆವು. ಮಕ್ಕಳು ಸಂಜೆಯವರೆಗೂ ನೀರು ಬಿಟ್ಟು ಮೇಲೇಳಲಿಲ್ಲ. ತಲೆ, ಸಿಪ್ಪೆ ತುಂಬಿದ ಚೀಲ ಅಷ್ಟೂ ಹೊತ್ತು ಕಾರಿನ ಡಿಕ್ಕಿಯಲ್ಲಿ ಬೇಯುತ್ತಿತ್ತು. ಮನೆಗೆ ಬಂದ ಕೂಡಲೇ ಲೋರ್ನಾ ಅದನ್ನು ಪೇಪರಿನಲ್ಲಿ ಸುತ್ತಿ ಫ್ರೀಜರಿಗೆ ತಳ್ಳಿದಳು. ನಮ್ಮ ಕಡೆ ಯಾವ ಮನೆಯಲ್ಲೂ ಅಷ್ಟೇ. ಕಸದ ಲಾರಿ ಬರುವುದು ಶುಕ್ರವಾರ. ಸೀಗಡಿ ಸಿಪ್ಪೆಯನ್ನು ಭಾನುವಾರವೇ ಡಬ್ಬಿಗೆ ಹಾಕಿದರೆ ಬುಧವಾರದೊಳಗೆ ಇಡೀ ಬೀದಿ ಜಗಳಕ್ಕೆ ಬರುತ್ತದೆ. ಅದಕ್ಕೇ ಅದು ಗುರುವಾರ ಸಂಜೆಯವರೆಗೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿ ಕಾಯಬೇಕು. ಅದು ಶುಕ್ರವಾರದ ಪೊಟ್ಟಣ.

ಅದೇ ಫ್ರೀಜರಿನಲ್ಲಿ ನನ್ನದೂ ಒಂದು ಪೊಟ್ಟಣವಿತ್ತು. ದೋಣಿಯಿಂದ ಇಳಿಯುತ್ತಲೇ ಕೊಂಡ ಹಸಿ ಸೀಗಡಿಯ ತಲೆಗಳನ್ನು ಸೂಪಿನ ರಸಕ್ಕೆಂದು ಎತ್ತಿಟ್ಟದ್ದು, ಅದೂ ಪೇಪರಿನಲ್ಲೇ. ನನ್ನದು ಕೆಳಗಿನ ಖಾನೆ, ಕಸದ್ದು ಮೇಲಿನ ಖಾನೆ. ಟ್ರೂಡಿಯ ಮಕ್ಕಳು ಐಸ್‌ಕ್ರೀಮಿಗಾಗಿ ಎಲ್ಲವನ್ನೂ ತಲೆಕೆಳಗು ಮಾಡಿದ್ದರು.

ಸೋಮವಾರ ಮೊಮ್ಮಗಳ ಶಾಲೆಯ ನಾಟಕಕ್ಕೆಂದು ಲೋರ್ನಾ ಮಗಳ ಕಾರಿನಲ್ಲೇ ಅಡಿಲೇಡಿಗೆ ಹೋದಳು. ಮನೆಯಲ್ಲಿ ನಾನೊಬ್ಬನೇ. ಫ್ರೀಜರ್ ತೆಗೆದರೆ ಎರಡು ಪೊಟ್ಟಣವೂ ಒಂದೇ ಖಾನೆಯಲ್ಲಿ. ಶೆಡ್ಡಿನ ಕಾಲದಲ್ಲಿ ಕತ್ತಲಲ್ಲೂ ಕೈಗೆ ಸಿಕ್ಕಿದ್ದನ್ನು ಮೂಗಿಗೆ ಹಿಡಿದು ಏನು, ಎಷ್ಟು ದಿನದ್ದು ಎಂದು ಹೇಳುತ್ತಿದ್ದವನು ನಾನು. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ವಾಸನೆಯಿಲ್ಲ. ಇನ್ನೊಂದನ್ನೂ ಹಿಡಿದೆ. ಅದಕ್ಕೂ ಇಲ್ಲ. ಹೆಪ್ಪುಗಟ್ಟಿದ್ದಕ್ಕೆ ಎಲ್ಲಿಯ ವಾಸನೆ ಎಂದುಕೊಂಡು ದಪ್ಪಗಿದ್ದುದನ್ನು ತೆಗೆದುಕೊಂಡೆ. ಬಿಚ್ಚಿದರೆ ತಲೆಗಳ ಬಣ್ಣ ಕೆಂಪು, ಅಂದರೆ ಬೆಂದವು. ಆಗಲಾದರೂ ಹೊಳೆಯಬೇಕಿತ್ತು. ಲೋರ್ನಾ ಒಂದು ಕುದಿ ಬರಿಸಿ ಎತ್ತಿಟ್ಟಿರಬೇಕು ಎಂದುಕೊಂಡೆ. ತಲೆ ಪೂರ್ತಿ ಗ್ರೇಮ್‌ನ ಮೇಲಿತ್ತು.

ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಸಿಪ್ಪೆ ಹಾಕಿ ಕುಟ್ಟಿ ಹುರಿದು, ನೀರು ಸುರಿದು ಒಂದು ಗಂಟೆ ಕುದಿಸಿದೆ. ಸೋಸಿ, ಆಲೂಗಡ್ಡೆ, ಕೆನೆ, ಹೊಸ ಸೀಗಡಿ ಹಾಕಿದೆ. ಕುದಿಯುತ್ತಿರುವಾಗ ಪಕ್ಕದ ಮನೆಯ ಕಿಟಕಿಗಳು ಒಂದರ ಹಿಂದೊಂದು ದಬದಬ ಮುಚ್ಚಿಕೊಂಡವು. ಎಂಥ ಮರ್ಯಾದೆಗೆಟ್ಟ ಜನ ಎಂದುಕೊಂಡು ಉಪ್ಪು ನೋಡಲು ಚಮಚದ ತುದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು ಸರಿಯಾಗಿತ್ತು.

ಮಂಗಳವಾರ ಸಭಾಂಗಣದ ಉದ್ದ ಮೇಜಿನ ಮೇಲೆ ಎಂದಿನ ಕಸವೆಲ್ಲ ಬಂದಿತ್ತು. ಹಕ್ಕಿಗೆ ಹಾಕುವ ಕಾಳಿನಂಥ ಒಂದು ಸಾಲಡ್, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಮೊಟ್ಟೆಯ ಪೈ, ಗ್ರೇಮ್‌ನ ಹೆಂಡತಿಯ ಹಸಿರು ಜೆಲ್ಲಿ. ನಾನು ನನ್ನ ದೊಡ್ಡ ಪಾತ್ರೆಯನ್ನು ಮಧ್ಯದಲ್ಲಿಟ್ಟು ಮುಚ್ಚಳ ತೆಗೆದೆ. ಗ್ರೇಮ್ ಎರಡು ಹೆಜ್ಜೆ ಹಿಂದೆ ಸರಿದ. ಸೋತ ಎಂದುಕೊಂಡೆ. ಹೀದರ್‌ಳ ಕಣ್ಣಲ್ಲಿ ನೀರು ತುಂಬಿತು. ನನ್ನ ಅಡುಗೆಗೆ ಯಾರಾದರೂ ಕಣ್ಣೀರು ಹಾಕಿದ್ದು ಅದೇ ಮೊದಲು.

"ಭಾರೀ... ಗಟ್ಟಿಯಾಗಿದೆ ವರ್ನ್," ಎಂದಳು.

"ಸಮುದ್ರಾನೇ ಬಟ್ಲಲ್ಲಿ ಬಂದಂಗಿದೆ," ಎಂದರು ಇನ್ಯಾರೋ.

"ಬೇರೆಯವ್ರಿಗೂ ಇರ್ಲಿ, ನಂಗೆ ಇಷ್ಟೇ ಸಾಕು," ಎಂದ ಗ್ರೇಮ್, ಎರಡು ಚಮಚದಷ್ಟು ಹಾಕಿಸಿಕೊಂಡು. ಬಟ್ಟಲು ಹಿಡಿದು ಹೊರಗಿನ ಗಿಡಗಳ ಕಡೆ ಹೋದ. ಅವನ ಹಿಂದೆಯೇ ಏಳೆಂಟು ಜನ ಗಾಳಿ ಬೇಕೆಂದು ಹೋದರು.

ಕ್ಲೆಮ್ ನನ್ನ ಎದುರಿಗೇ ಕುಳಿತ. ಒಂದು ಬಟ್ಟಲು ಮುಗಿಸಿದ. ಹಣೆಯ ಮೇಲೆ ಬೆವರು. "ಇನ್ನೊಂಚೂರು ಹಾಕೋ," ಎಂದ. ಅದನ್ನೂ ಮುಗಿಸಿ ಸುತ್ತ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಮೂರನೆಯ ಸಲ ಬಟ್ಟಲು ಚಾಚಿದ. ಅಡುಗೆಯವನು ಉಣ್ಣುವುದು ಎಲ್ಲರದೂ ಆದ ಮೇಲೆ. ನಾನು ಉಣ್ಣೋಣವೆಂದು ಬರುವಷ್ಟರಲ್ಲಿ ಪಾತ್ರೆ ಖಾಲಿ. ಬರೀ ಖಾಲಿಯಲ್ಲ, ತೊಳೆದು ಒರೆಸಿ ಬೋರಲು ಹಾಕಿದ್ದರು. ಶಿಬಿರದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಗೆದ್ದೆ ಎಂದು ಸೀಟಿ ಹೊಡೆಯುತ್ತ ಮನೆಗೆ ಬಂದೆ.

ಸಂಜೆ ಐದಕ್ಕೆ ಲೋರ್ನಾ ಬಸ್ಸಿಳಿದು ಬಂದಳು. ಬಾಗಿಲು ತೆರೆದವಳು ಹೊಸ್ತಿಲ ಮೇಲೇ ನಿಂತು ಅಂಗೈಯಿಂದ ಮೂಗು ಮುಚ್ಚಿಕೊಂಡಳು.

"ಏನು ಸತ್ತಿದೆ ಮನೇಲಿ?"

"ಏನೂ ಸತ್ತಿಲ್ಲ. ಯಾಕೆ?"

"ವರ್ನ್, ಬಾಯಿ ತೆಗೆಯೋಕಾಗ್ತಿಲ್ಲ ನಂಗೆ. ಇಲಿ ಸತ್ತಿದ್ಯಾ? ಏನು ಮಾಡ್ದೆ?"

"ಸೂಪು ಮಾಡ್ದೆ. ನಿನ್ನೆ ಮಾಡಿದ್ದು. ಒಂದು ತೊಟ್ಟೂ ಉಳೀಲಿಲ್ಲ ಕಣೇ, ಪಾತ್ರೆ ತೊಳೆದು ಕೊಟ್ಟಿದ್ದಾರೆ."

ಅವಳು ಚೀಲವನ್ನು ಅಲ್ಲೇ ಹಾಕಿ ನೇರವಾಗಿ ಫ್ರೀಜರ್ ಹತ್ತಿರ ಹೋದಳು. ಒಂದು ಪೊಟ್ಟಣ ತೆಗೆದು ಮೂಲೆ ಬಿಚ್ಚಿ ನೋಡಿದಳು. ಬೂದು ಬಣ್ಣದ ಹಸಿ ತಲೆಗಳು. ಒಳಗೆಲ್ಲ ಕೈಯಾಡಿಸಿದಳು.

"ಶುಕ್ರವಾರದ ಪೊಟ್ಟಣ ಎಲ್ಲಿ?"

ನಾನು ಅಡುಗೆಮನೆಯ ನಡುವೆ ನಿಂತು ಒಂದು ಸಲ ಉಸಿರೆಳೆದೆ. ಮತ್ತೆ ಎಳೆದೆ, ಎದೆ ನೋಯುವಷ್ಟು. ಏನೂ ಇಲ್ಲ. ಎದುರಿಗೆ ಅವಳು ಅಂಗಿಯ ತೋಳನ್ನೇ ಮೂಗಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಿದ್ದಾಳೆ, ನನಗೆ ಬರೀ ಗಾಳಿ. ಆಗ ಫೋನು ಬಡಿದುಕೊಂಡಿತು. ಹೀದರ್. ಕ್ಲೆಮ್ ಮಧ್ಯಾಹ್ನದಿಂದ ವಾಂತಿ ಮಾಡಿಕೊಂಡು ಬಚ್ಚಲಲ್ಲೇ ಬಿದ್ದಿದ್ದನಂತೆ. ಆಂಬುಲೆನ್ಸಿನವರು ಒಯ್ದರಂತೆ. ಏನಾಗಿರಬಹುದು ಎಂದು ನಾನು ಕೇಳಿದ್ದಕ್ಕೆ ಅವಳು, "ಬಿಸ್ಲು ತಾಗಿರ್ಬೇಕು," ಎಂದಳು. ಆ ಹೊತ್ತಿನಲ್ಲೂ!

ಲೋರ್ನಾ ಕುರ್ಚಿಯ ಮೇಲೆ ಕುಸಿದಳು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದೆ.

"ಆ ಜ್ವರ ಬಂತಲ್ಲ, ಹಿಂದಿನ್ ಹಿಂದಿನ್ ಚಳಿಗಾಲ. ಅದಾದ್ಮೇಲೆ ಒಂದಿನ ಟೋಸ್ಟು ಸುಟ್ಟು ಹೊಗೆ ಆಡ್ತಿತ್ತು, ನೀನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದೆ."

"ಎರಡು ವರ್ಷ! ಎರಡು ವರ್ಷ ಒಂದೇ ಮನೇಲಿದ್ದು ಬಾಯಿ ಬಿಡ್ಲಿಲ್ವಲ್ಲೇ!"

"ಬಿಟ್ಟಿದ್ರೆ ಏನ್ಮಾಡ್ತಿದ್ದೆ? ಕಿಟಕಿ ಹತ್ರ ಕೂತು ಸಾಯೋದು ಕಾಯ್ತಿದ್ದೆ. ನಂಗ್ಗೊತ್ತಿಲ್ವಾ ನಿನ್ನ? ಹಾಲು ನಾನೇ ಮೂಸ್ತಿದ್ದೆ, ಮಾಂಸ ನಾನೇ ಮೂಸ್ತಿದ್ದೆ. ಒಂದೇ ಒಂದಿನ ಊರಲ್ಲಿರ್ಲಿಲ್ಲ ವರ್ನ್, ಒಂದೇ ಒಂದಿನ."

ಅವಳ ಮೇಲೆ, ಆ ಮನೆಯ ಮೇಲೆ, ನನ್ನ ಮುಖದ ನಡುವೆ ದಂಡಕ್ಕೆ ಅಂಟಿಕೊಂಡಿದ್ದ ಆ ಮೂಗಿನ ಮೇಲೆ ನನಗೆ ಅಸಹ್ಯವಾಯಿತು. ಕಿಟಕಿಗಳನ್ನೆಲ್ಲ ತೆರೆದೆ. ಏನು ಹೊರಗೆ ಹೋಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ.

ಬುಧವಾರ ಆಸ್ಪತ್ರೆಗೆ ಹೋದೆ. ಕ್ಲೆಮ್ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ, ಒಂದೇ ದಿನದಲ್ಲಿ ಅರ್ಧವಾಗಿದ್ದ. ನಾನು ಕುರ್ಚಿ ಎಳೆದುಕೊಂಡು ಕೂತವನೇ ನೇರವಾಗಿ ಕೇಳಿಬಿಟ್ಟೆ.

"ಗೊತ್ತಿದ್ದೂ ಯಾಕೋ ತಿಂದೆ?"

"ಒಬ್ಬನಾದ್ರೂ ತಿನ್ಬೇಕಿತ್ತಲ್ಲೋ." ಅವನ ಗಂಟಲು ಒಣಗಿತ್ತು. "ಎಲ್ರೂ ಗಿಡಕ್ಕೆ ಸುರೀತಿದ್ರು. ಗ್ರೇಮ್ ಕಿಟಕಿಯಿಂದ ನನ್ನೇ ನೋಡ್ತಿದ್ದ. ನಾನೂ ಬಟ್ಲು ಕೆಳಗಿಟ್ಟಿದ್ರೆ ನಿನ್ ಕಥೆ ಅಲ್ಲಿಗೆ ಮುಗೀತಿತ್ತು."

"ಮೂರು ಬಟ್ಲು ತಿನ್ಬೇಕಿತ್ತಾ ಕತ್ತೆ?"

"ಎರಡನೇದರ ಹೊತ್ಗೆ ನಾಲ್ಗೆ ಸತ್ತೋಗಿತ್ತು." ನಗಲು ಹೋಗಿ ಕೆಮ್ಮಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. ಮೂವತ್ತು ವರ್ಷ ಒಟ್ಟಿಗೆ ದುಡಿದಿದ್ದರೂ ಅವನು ನನ್ನ ಕೈ ಹಿಡಿದವನಲ್ಲ. "ಕೇಳಿಲ್ಲಿ. ಕಿಡ್ನಿ ಸೋತಿದೆಯಂತೆ. ಇನ್ನೊಂದ್ಸಲ ಹಿಂಗಾದ್ರೆ ಮೇಲೇಳಲ್ಲ ಅಂದ್ರು ಡಾಕ್ಟ್ರು. ನೀನು ಬಡಿಸಿದ್ರೆ ಬೇಡ ಅನ್ನೋಕೆ ನನ್ನ ಕೈಲಾಗಲ್ಲ, ಅದು ನಿಂಗೂ ಗೊತ್ತು. ಅದಕ್ಕೆ ನೀನೇ ಬಿಟ್ಬಿಡು ವರ್ನ್. ಆ ಹಾಳೇಲಿ ನಿನ್ ಹೆಸ್ರು ಬರೆಯೋಕೆ ಬಿಡ್ಬೇಡ."

"ಬಿಡಲ್ಲ," ಎಂದೆ. "ಬರ್ದಿದ್ರೂ ಹೊಡೆದು ಹಾಕ್ತೀನಿ. ಮಾತು ಕೊಟ್ಟೆ."

ಅಷ್ಟು ಹೇಳಲು ಎಷ್ಟು ಕಷ್ಟವಾಯಿತೆಂದು ನನಗೇ ನಾಚಿಕೆಯಾಯಿತು. ಸಾಯಲು ಹೊರಟಿದ್ದವನು ಅವನು.

ಮುಂದಿನದು ಮಾರ್ಚಿನ ಮೊದಲ ಮಂಗಳವಾರ. ನಡಿಗೆಗೆ ಹೋಗದೆ ನೇರವಾಗಿ ಸಭಾಂಗಣಕ್ಕೆ ಹೋದೆ. ಹಾಳೆ ಅಂಟಿಸಿ ಆಗಿತ್ತು. ಹೀದರ್‌ಳ ಗುಂಡನೆಯ ಟೀಚರ್ ಅಕ್ಷರ. ಅಡುಗೆ: ವರ್ನ್ ಹ್ಯಾಲೆಟ್. ಪಕ್ಕದಲ್ಲಿ ನಗುವ ಮುಖದ ಒಂದು ಚಿತ್ರ ಬೇರೆ.

ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ಇವರು ನಗುವ ಮುಖ ಬರೆದಿದ್ದಾರೆ. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಒಳಗೆ ಬರುವವರೆಗೂ ಅಲ್ಲೇ ನಿಂತಿದ್ದೆ. ಬಂದ ಮೇಲೆ ಎಲ್ಲರೆದುರಿಗೆ ದಾರದಲ್ಲಿ ನೇತಾಡುತ್ತಿದ್ದ ಪೆನ್ನು ಹಿಡಿದು ನನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ.

"ಅಯ್ಯೋ, ಏನಿದು ವರ್ನ್!" ಎಂದಳು ಹೀದರ್. "ನಿನ್ನಡುಗೆ ಇಲ್ದೆ ಶಿಬಿರ ಹೇಗೆ?"

"ಹೀದರ್, ನನ್ ಮುಖ ನೋಡು. ಆ ಸೂಪು ಹೇಗಿತ್ತು?"

"ಸ್ವಲ್ಪ... ಗಟ್ಟಿ..."

"ಹೇಗಿತ್ತು?"

ಅವಳು ಪೀಪಿಯನ್ನು ಹಿಡಿದುಕೊಂಡಳು. "ಸತ್ತ ಸೀಲ್ ಪ್ರಾಣಿ ತರ ಇತ್ತು ಕಣಯ್ಯ," ಎಂದಳು ಕೊನೆಗೆ. "ಚಿಕ್ಕೋಳಿದ್ದಾಗ ಒಂದು ದಡಕ್ಕೆ ಬಂದು ಬಿದ್ದಿತ್ತು. ಅದೇ ವಾಸ್ನೆ."

ಒಬ್ಬಳು ಬಾಯಿ ತೆರೆದದ್ದೇ ತಡ, ಎಲ್ಲರ ಬಾಯಿಯೂ ಬಿಚ್ಚಿಕೊಂಡಿತು. ಹೋದ ವರ್ಷದ ಶಿಬಿರದಲ್ಲಿ ಕುರಿಮಾಂಸ ಹಳಸಿತ್ತಂತೆ, ಬಿಡಾರದ ಹಿಂದೆ ಗುಂಡಿ ತೋಡಿ ಹೂತರಂತೆ. ಗಂಜಿ ದಿನವೂ ತಳ ಹಿಡಿದಿರುತ್ತಿತ್ತಂತೆ. ಗ್ರೇಮ್‌ನ ಸೊಂಟದ ಚೀಲದಲ್ಲಿ ಬಿಸ್ಕತ್ತು ಇರುತ್ತಿತ್ತಂತೆ; ಎಲ್ಲರೂ ಸರದಿಯಲ್ಲಿ ಅವನ ಹಿಂದೆ ಬೆಟ್ಟ ಹತ್ತುತ್ತಿದ್ದುದು ಅದಕ್ಕಂತೆ. ಹೇಳುತ್ತ ಹೇಳುತ್ತ ಅವರಿಗೆ ನಗು ಬರತೊಡಗಿತು. ನಾನು ನಿಂತು ಅಷ್ಟನ್ನೂ ಕೇಳಿದೆ. ಮುಖದ ಮೇಲೆ ಉಗುಳಿಸಿಕೊಂಡಂತೆ ಆಗುತ್ತಿತ್ತು. ಆದರೂ ಒಳಗೆಲ್ಲೋ ಒಂದು ಕಡೆ, ಇಷ್ಟೆಲ್ಲ ನನ್ನ ಮನಸ್ಸು ನೋಯಬಾರದೆಂದು ತಾನೇ ನುಂಗಿಕೊಂಡಿದ್ದು ಎನ್ನಿಸಿ ಅವರಿಗೆ ಥ್ಯಾಂಕ್ಸ್ ಹೇಳೋಣವೆಂದುಕೊಂಡೆ.

"ಆಯ್ತು," ಎಂದೆ. ಪೆನ್ನನ್ನು ಅವರ ಕಡೆ ಚಾಚಿದೆ. "ಈಗ ಯಾರ ಹೆಸ್ರು ಬರೀತೀರಿ ಬರೀರಿ."

ನಗು ನಿಂತಿತು. ಹೀದರ್ ಗ್ರೇಮ್‌ನನ್ನು ನೋಡಿದಳು.

"ನಿನ್ನ ಡಬ್ಬಿ ಊಟ ಏನಾಯ್ತಯ್ಯ?" ಎಂದೆ.

"ಬಿಡಾರದಲ್ಲಿ ಕರೆಂಟ್ ಇಲ್ವಲ್ಲ," ಎಂದ ಗ್ರೇಮ್. "ಐದು ದಿನ ಡಬ್ಬಿ ಇಡೋದೆಲ್ಲಿ? ಮತ್ತೆ ಆ ಸೌದೆ ಒಲೆ... ನಂಗೆ ಹೊಗೆ ಆಗಲ್ಲ."

ಒಬ್ಬಳಿಗೆ ಸೊಂಟ. ಇನ್ನೊಬ್ಬನಿಗೆ ಬೆಳಿಗ್ಗೆ ನಾಲ್ಕಕ್ಕೆ ಏಳಲು ಆಗುವುದಿಲ್ಲ. ಮತ್ತೊಬ್ಬಳು ಮನೆಯಲ್ಲೇ ನಲವತ್ತು ವರ್ಷ ಬೇಯಿಸಿ ಸಾಕಾಗಿದೆ, ಶಿಬಿರಕ್ಕೆ ಬರುವುದು ಒಲೆ ನೋಡುವುದಕ್ಕಲ್ಲ ಎಂದಳು. ಪೆನ್ನು ನನ್ನ ಕೈಯಲ್ಲೇ ಇತ್ತು. ಎಲ್ಲರೂ ಶೂ ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು. ಥ್ಯಾಂಕ್ಸ್ ಹೇಳುವಂಥದ್ದು ಇಲ್ಲಿ ಏನೂ ಇರಲಿಲ್ಲ. ಮಾಂಸವನ್ನು ಗುಂಡಿಗೆ ಹಾಕಿ ಬಿಸ್ಕತ್ತು ತಿಂದು ಆ ಐದು ದಿನ ಕಳೆದದ್ದು ನನ್ನ ಮೇಲಿನ ಪ್ರೀತಿಗಲ್ಲ, ಸೌಟು ಹಿಡಿಯಲು ಯಾರಿಗೂ ಮೈ ಬಗ್ಗದಿದ್ದುದಕ್ಕೆ. ಇಂಥ ಜನರ ಜೊತೆ ಎಂಟು ವರ್ಷ ನಡೆದೆನಲ್ಲ ಎಂದು ಮೈಯೆಲ್ಲ ಹೇಸಿತು. ಪೆನ್ನು ಬಿಸಾಕಿ ಹೊರಡಬೇಕಿತ್ತು.

ಹೀದರ್ ಮೆಲ್ಲಗೆ ಬಂದು ನನ್ನ ತೋಳು ಹಿಡಿದಳು.

"ಇದೊಂದ್ ವರ್ಷ ವರ್ನ್. ನಾನು ನಿನ್ ಪಕ್ಕದಲ್ಲೇ ನಿಂತ್ಕೋತೀನಿ. ಪ್ರತಿಯೊಂದನ್ನೂ ಮೂಸಿ ಕೊಡ್ತೀನಿ. ಬೇಯ್ಸೋನು ನೀನೇ. ಇಷ್ಟು ಜನಕ್ಕೆ ಬೇಯ್ಸೋ ಧೈರ್ಯ ಇನ್ಯಾರಿಗಿದೆ ಹೇಳು ಇಲ್ಲಿ?"

ನಾನು ಇಲ್ಲ ಎನ್ನಬೇಕಿತ್ತು. ಆಸ್ಪತ್ರೆಯಲ್ಲಿ ಮಾತು ಕೊಟ್ಟು ಒಂದು ವಾರವೂ ಆಗಿರಲಿಲ್ಲ. ಆದರೆ ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿದ್ದವು, ಶೆಡ್ಡಿನಲ್ಲಿ ಊಟದ ಗಂಟೆಗೆ ಮೊದಲು ತಿರುಗುತ್ತಿದ್ದ ಹಾಗೆ. ಮೊದಲ ಸಂಜೆಗೆ ಕುರಿಯ ಕಾಲು ಮಾಡಬೇಕು, ಜೊತೆಗೆ ಬೂದಿಯಲ್ಲಿ ಸುಟ್ಟ ಕುಂಬಳಕಾಯಿ ಎಂದು ತಲೆ ಆಗಲೇ ಯೋಚಿಸುತ್ತಿತ್ತು. ಹೊಡೆದುಹಾಕಿದ್ದ ಹೆಸರಿನ ಕೆಳಗೆ ನನ್ನ ಕೈ ಅದೇ ಹೆಸರನ್ನು ಮತ್ತೆ ಬರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು, ಆ ಖುಷಿಯಷ್ಟು ಹೇಸಿಗೆಯದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಕ್ಲೆಮ್ ದಿಂಬಿಗೆ ಒರಗಿ ಕುಳಿತಿದ್ದ, ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ನರ್ಸು ಒಂದು ಬಟ್ಟಲಲ್ಲಿ ತಿಳಿ ಸೂಪು ತಂದಿಟ್ಟಳು.

"ಹೊಡೆದು ಹಾಕಿದ್ಯಾ?" ಎಂದು ಕೇಳಿದ.

"ಹಾಕ್ದೆ," ಎಂದೆ. ಸುಳ್ಳೂ ಅಲ್ಲವಲ್ಲ, ಹೊಡೆದು ಹಾಕಿದ್ದೆನಲ್ಲ.

ಅವನು ಬಹಳ ಹೊತ್ತು ನನ್ನನ್ನು ನೋಡಿದ. ನಂಬಿದ.

"ಕಷ್ಟ ಆಗಿರ್ಬೇಕು ನಿಂಗೆ."

"ಆಯ್ತು."

"ಹಂಗಾದ್ರೆ ನನ್ ಹೆಸ್ರೂ ಬರ್ಸಿಬಿಡು. ಏಪ್ರಿಲ್ ಹೊತ್ಗೆ ಎದ್ದು ಓಡಾಡ್ತೀನಂತೆ. ಬೆಟ್ಟ ಹತ್ತೋಕಾಗಲ್ಲ, ಆಗ್ದಿದ್ರೆ ಆಗ್ದೇ ಹೋಗ್ಲಿ." ಚಮಚ ತೆಗೆದುಕೊಂಡ. "ಎಂಟು ವರ್ಷದಿಂದ ಆ ಬೆಟ್ಟಕ್ಕೆ ಹೋಗ್ತಿದೀವಿ ವರ್ನ್. ನಾವಿಬ್ರೂ ಒಂದು ಸಂಜೆ ಸುಮ್ನೆ ಕೂತು ಮಾತಾಡಿದ್ದಿಲ್ಲ ಗೊತ್ತಾ? ಯಾವಾಗ ನೋಡು ನೀನು ಒಲೆ ಮುಂದೆ. ಈ ಸಲ ಇನ್ಯಾರೋ ಬೇಯಿಸ್ಲಿ. ನಾವು ಹೊರಗೆ ಕುರ್ಚಿ ಹಾಕ್ಕೊಂಡು ಕೂರೋಣ."

"ಕೂರೋಣ," ಎಂದೆ. "ನಾಳೆನೇ ಬರೆಸ್ತೀನಿ."

ಅವನು ಬಟ್ಟಲನ್ನು ಎದೆಯ ಹತ್ತಿರ ಎಳೆದುಕೊಂಡು ಆ ಆಸ್ಪತ್ರೆಯ ನೀರು ಸೂಪನ್ನು ಒಂದೊಂದೇ ಚಮಚ ಕುಡಿಯತೊಡಗಿದ. ಎರಡು ವರ್ಷದಲ್ಲಿ ಅವನು ಅಷ್ಟು ನೆಮ್ಮದಿಯಿಂದ ಏನನ್ನಾದರೂ ಬಾಯಿಗಿಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಒಳಗಿನಿಂದ ಒದೆಯುತ್ತಿತ್ತು. ಆ ಇಪ್ಪತ್ತು ಜನರ ಮೇಲೆ ಇಷ್ಟು ದಿನ ಪಟ್ಟ ಹೇಸಿಗೆಯನ್ನೆಲ್ಲ ಕೂಡಿಸಿದರೂ ಆ ಗಳಿಗೆ ನನ್ನ ಮೇಲೆ ನನಗೆ ಹುಟ್ಟಿದ್ದಕ್ಕೆ ಸಮವಾಗುತ್ತಿರಲಿಲ್ಲ.

"ಚೆನ್ನಾಗಿದ್ಯಾ?" ಎಂದು ಕೇಳಿದೆ.

"ಪರವಾಗಿಲ್ಲ ಕಣೋ," ಎಂದ, ನನಗೆ ಬೇಜಾರಾಗಬಾರದೆಂದು.